2147483647: ಎಂಟನೆಯ ಮೆರ್ಸೆನ್ ಅವಿಭಾಜ್ಯ

2147483647 ಹತ್ತು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ. ಓದುವುದಾದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಇದು 2ರ ಮೂವತ್ತೊಂದನೆಯ ಘಾತಕ್ಕೆ ಸರಿಯಾಗಿ ಒಂದು ಕಡಿಮೆ, ಎಂದರೆ 2³¹ − 1. ಈ ರೂಪದ ಅವಿಭಾಜ್ಯಗಳಿಗೆ ಮೆರ್ಸೆನ್ ಅವಿಭಾಜ್ಯಗಳೆಂದು ಹೆಸರು. ಆ ಸಾಲಿನಲ್ಲಿ ಇದು ಎಂಟನೆಯದು. ಇದು ಅವಿಭಾಜ್ಯವೆಂದು ತೋರಿಸಿಕೊಟ್ಟವನು ಲಿಯೊನಾರ್ಡ್ ಆಯ್ಲರ್. ಆ ಫಲಿತಾಂಶ ಬರ್ಲಿನ್ ಅಕಾಡೆಮಿಯ 1772ರ ಸಂಪುಟದಲ್ಲಿದೆ. ಬಹುಕಾಲ ಮನುಷ್ಯನಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು. ಇಂದು 32 ಬಿಟ್‌ಗಳ ಚಿಹ್ನಾಸಹಿತ ಪೂರ್ಣಾಂಕವಾಗಿ ಕಂಪ್ಯೂಟರು ಹಿಡಿದಿಡಬಲ್ಲ ಗರಿಷ್ಠ ಬೆಲೆಯೂ ಇದೇ. ಇದರ ಗುಣಗಳಲ್ಲಿ ಬಹುಪಾಲು ಒಂದೇ ಬೇರಿನಿಂದ ಹೊರಟವು: 2ರ ಘಾತವೊಂದರ ಪಕ್ಕದಲ್ಲೇ, ಒಂದು ಹೆಜ್ಜೆ ಹಿಂದೆ, ಇದು ನಿಂತಿದೆ.

ರೂಪ ಮತ್ತು ಸ್ಥಾನ

ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆಯನ್ನು ಬರೆಯಲು 31 ಒಂದುಗಳನ್ನು ಸಾಲಾಗಿ ಇಟ್ಟರೆ ಸಾಕು. ಒಂದೂ ಸೊನ್ನೆ ಬರುವುದಿಲ್ಲ. ದಶಮಾನದಲ್ಲಿ 9, 99, 999 ಹೇಗೋ ದ್ವಿಮಾನದಲ್ಲಿ ಇದು ಹಾಗೆ.

2ರ ಘಾತದಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಿಗಬೇಕಾದರೆ ಘಾತಾಂಕವೂ ಅವಿಭಾಜ್ಯವಾಗಿರಲೇಬೇಕು. ಘಾತಾಂಕ 15 ಎಂದಿಟ್ಟುಕೊಂಡರೆ, 15ನ್ನು 3 ಮತ್ತು 5 ಭಾಗಿಸುವುದರಿಂದ 2¹⁵ − 1 ಎಂಬ 32767ನ್ನು 2³ − 1 = 7 ಮತ್ತು 2⁵ − 1 = 31 ಎರಡೂ ಭಾಗಿಸುತ್ತವೆ. ಆದರೆ ಘಾತಾಂಕ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಫಲವೂ ಅವಿಭಾಜ್ಯವಾಗುತ್ತದೆಂಬ ಭರವಸೆಯಿಲ್ಲ: 2¹¹ − 1 = 2047 = 23 × 89. ಮೊದಲ ಎಂಟು ಮೆರ್ಸೆನ್ ಅವಿಭಾಜ್ಯಗಳ ಘಾತಾಂಕಗಳು 2, 3, 5, 7, 13, 17, 19, 31. ನಡುವೆ 11, 23, 29 ಬಿಟ್ಟುಹೋಗಿರುವುದನ್ನು ಗಮನಿಸಬೇಕು.

ಇಲ್ಲಿ ಘಾತಾಂಕವಾಗಿರುವ 31 ತಾನೂ ಒಂದು ಮೆರ್ಸೆನ್ ಅವಿಭಾಜ್ಯ (2⁵ − 1). ಹೀಗೆ ಎರಡು ಅಂತಸ್ತಿನಲ್ಲಿ ಕಟ್ಟಿದ ಸಂಖ್ಯೆಗಳಿಗೆ ದ್ವಿ-ಮೆರ್ಸೆನ್ ಅವಿಭಾಜ್ಯಗಳೆನ್ನುತ್ತಾರೆ. ಈವರೆಗೆ ತಿಳಿದಿರುವುದು ನಾಲ್ಕೇ: 7, 127, 2147483647 ಮತ್ತು 2¹²⁷ − 1. ಇನ್ನೊಂದು ಅಂತಸ್ತು ಏರಿಸಿ, 2ಕ್ಕೆ ನಮ್ಮ ಸಂಖ್ಯೆಯನ್ನೇ ಘಾತಾಂಕವಾಗಿಟ್ಟು ಒಂದು ಕಳೆದರೆ 64 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲ, 295257526626031 ಅದನ್ನು ಭಾಗಿಸುತ್ತದೆ.

2, 3, 5, 7 ಎಂದು ಎಣಿಸುತ್ತ ಹೋದರೆ ನಮ್ಮ ಸಂಖ್ಯೆ 10,50,97,565ನೆಯ ಅವಿಭಾಜ್ಯವಾಗಿ ಸಿಗುತ್ತದೆ. ಇದರ ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಹಿಂದೆ 18ರ ಅಂತರ, ಮುಂದೆ 12ರ ಅಂತರ. ಈ ಎತ್ತರದಲ್ಲಿ ಅವಿಭಾಜ್ಯಗಳ ನಡುವಿನ ಸರಾಸರಿ ಅಂತರ 21ರಷ್ಟಿರುವುದರಿಂದ ಇವೆರಡೂ ಸಾಮಾನ್ಯ ಅಂತರಗಳೇ.

ಆಯ್ಲರನಿಗಿಂತ ಮೊದಲು

ಬೊಲೊನ್ಯಾದ ಗಣಿತಜ್ಞ ಪಿಯೆತ್ರೊ ಕತಾಲ್ದಿ 750ರವರೆಗಿನ ಅವಿಭಾಜ್ಯಗಳ ಪಟ್ಟಿ ಮಾಡಿಕೊಂಡು, ಒಂದೊಂದರಿಂದಲೂ ಭಾಗಿಸಿ ನೋಡಿ, 2¹⁷ − 1 ಮತ್ತು 2¹⁹ − 1 ಅವಿಭಾಜ್ಯಗಳೆಂದು ಸ್ಥಾಪಿಸಿದ. 1603ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ 23, 29, 31, 37 ಎಂಬ ಘಾತಾಂಕಗಳೂ ಅವಿಭಾಜ್ಯವನ್ನು ಕೊಡುತ್ತವೆಂದು ಬರೆದ. ಅದಕ್ಕೆ ಸಾಧನೆಯಿರಲಿಲ್ಲ. 1640ರಲ್ಲಿ ಪಿಯೆರ್ ದ ಫರ್ಮಾ 2²³ − 1ನ್ನು 47 ಭಾಗಿಸುತ್ತದೆಂದೂ 2³⁷ − 1ನ್ನು 223 ಭಾಗಿಸುತ್ತದೆಂದೂ ಕಂಡುಕೊಂಡ. 2²⁹ − 1ನ್ನು 233 ಭಾಗಿಸುತ್ತದೆಂದು ಆಯ್ಲರ್ 1738ರಲ್ಲಿ ತೋರಿಸಿದ. ಕತಾಲ್ದಿಯ ನಾಲ್ಕು ಊಹೆಗಳಲ್ಲಿ ಉಳಿದದ್ದು 31 ಮಾತ್ರ.

ಪ್ಯಾರಿಸಿನ ಕ್ರೈಸ್ತ ಸನ್ಯಾಸಿ ಮರೆನ್ ಮೆರ್ಸೆನ್ 1644ರಲ್ಲಿ ತನ್ನ ಗ್ರಂಥದ ಮುನ್ನುಡಿಯಲ್ಲಿ 257ರವರೆಗಿನ ಘಾತಾಂಕಗಳ ಪೈಕಿ 2, 3, 5, 7, 13, 17, 19, 31, 67, 127, 257 ಮಾತ್ರ ಅವಿಭಾಜ್ಯ ಕೊಡುತ್ತವೆಂದು ಹೇಳಿದ. ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಇದನ್ನು ಪೂರ್ಣವಾಗಿ ಪರಿಶೀಲಿಸಿ ಮುಗಿಸುವಷ್ಟರಲ್ಲಿ 1947 ಬಂದಿತ್ತು. ತಪ್ಪುಗಳಿದ್ದರೂ ಆ ಪಟ್ಟಿ ಮುನ್ನೂರು ವರ್ಷ ಗಣಿತಜ್ಞರಿಗೆ ಕೆಲಸ ಕೊಟ್ಟಿತು. ಹಾಗಾಗಿ ಮೆರ್ಸೆನ್‌ನ ಹೆಸರು ಈ ಸಂಖ್ಯೆಗಳಿಗೆ ಉಳಿದದ್ದು ನ್ಯಾಯವೇ.

ಆಯ್ಲರನ ಸಾಧನೆ

1766ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಮರಳಿದ ಆಯ್ಲರ್ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ದೃಷ್ಟಿ ಕಳೆದುಕೊಂಡ. 2³¹ − 1 ಅವಿಭಾಜ್ಯವೆಂಬ ಮಾತು ಪ್ರಕಟವಾದದ್ದು ಆ ಕಾಲದಲ್ಲಿ, ಬೆರ್ನೂಲಿ ಮನೆತನದ ಗಣಿತಜ್ಞರೊಬ್ಬರಿಗೆ ಅವನು ಬರೆದ ಕಾಗದದ ರೂಪದಲ್ಲಿ.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲ 46340ಕ್ಕೆ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ 4,792 ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರಗಳನ್ನು ಕೈಯಲ್ಲಿ ಮಾಡುವುದು ದೊಡ್ಡ ಶ್ರಮ. ಆಯ್ಲರನ ಹೆಚ್ಚುಗಾರಿಕೆ ಇರುವುದು ಆ ಶ್ರಮವನ್ನು ಕಡಿಮೆ ಮಾಡಿಕೊಂಡ ಬಗೆಯಲ್ಲಿ.

2³¹ − 1ನ್ನು ಭಾಗಿಸುವ ಅವಿಭಾಜ್ಯ ‘ಕ’ ಎಂಬುದು ಇದೆಯೆಂದು ಭಾವಿಸೋಣ. ಆಗ 2³¹ನ್ನು ಕ-ಯಿಂದ ಭಾಗಿಸಿದರೆ ಶೇಷ 1. 31 ಅವಿಭಾಜ್ಯವಾದ್ದರಿಂದ, 31ಕ್ಕಿಂತ ಚಿಕ್ಕದಾದ 2ರ ಯಾವ ಘಾತಕ್ಕೂ ಶೇಷ 1 ಬರಲಾರದು. ಇತ್ತ ಫರ್ಮಾನ ಪ್ರಮೇಯದಂತೆ 2ರ (ಕ − 1)ನೆಯ ಘಾತಕ್ಕೂ ಶೇಷ 1. ಎರಡನ್ನೂ ಕೂಡಿಸಿ ನೋಡಿದರೆ ಕ − 1 ಎಂಬುದು 31ರ ಗುಣಕವಾಗಿರಬೇಕು. ಕ ಬೆಸಸಂಖ್ಯೆಯಾದ್ದರಿಂದ ಕ − 1 ಸಮಸಂಖ್ಯೆ. ಆದ್ದರಿಂದ ಅದು 62ರ ಗುಣಕ. ಇದು ಮೊದಲ ಜರಡಿ.

ಎರಡನೆಯ ಜರಡಿ ಹೀಗಿದೆ. 2³¹ಕ್ಕೆ ಶೇಷ 1 ಎಂದಾದರೆ 2³²ಕ್ಕೆ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಎಂದರೆ ಕ-ಯ ಶೇಷಗಳ ಲೋಕದಲ್ಲಿ 2 ಒಂದು ಪೂರ್ಣವರ್ಗವಾಗುತ್ತದೆ. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಿಗೆ ಮಾತ್ರ ಈ ಗುಣವಿದೆ. ಎರಡೂ ಜರಡಿಗಳಲ್ಲಿ ಸೋಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳಷ್ಟೇ ಭಾಜಕಗಳಾಗಬಲ್ಲವು.

46340ರೊಳಗೆ ಅಂಥವು, 1 ಮತ್ತು 63ನ್ನು ಬಿಟ್ಟರೆ, 372 ಮಾತ್ರ. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ಆರಿಸಿಕೊಂಡರೆ ನೂರಕ್ಕಿಂತ ಕಡಿಮೆ ಭಾಗಾಕಾರಗಳು ಉಳಿಯುತ್ತವೆ. ಒಂದರಲ್ಲೂ ಶೇಷ ಸೊನ್ನೆಯಾಗಲಿಲ್ಲ. ಕತಾಲ್ದಿ ಊಹಿಸಿದ್ದು, ಮೆರ್ಸೆನ್ ಸಾರಿದ್ದು, ಆಯ್ಲರನ ಲೆಕ್ಕದಲ್ಲಿ ಸಾಧಿತ ಸತ್ಯವಾಯಿತು.

ಲ್ಯೂಕಾ–ಲೆಹ್ಮರ್ ಪರೀಕ್ಷೆ

ಭಾಜಕಗಳನ್ನು ಹುಡುಕದೆಯೇ ಮೆರ್ಸೆನ್ ಸಂಖ್ಯೆಗಳ ಅವಿಭಾಜ್ಯತೆಯನ್ನು ತೀರ್ಮಾನಿಸುವ ವಿಧಾನಕ್ಕೆ ಫ್ರಾನ್ಸಿನ ಎದುವಾರ್ ಲ್ಯೂಕಾ 1876ರ ಸುಮಾರಿನಲ್ಲಿ ತಳಹದಿ ಹಾಕಿದ. ಅಮೆರಿಕದ ಡೆರಿಕ್ ಲೆಹ್ಮರ್ 1930ರಲ್ಲಿ ಅದಕ್ಕೆ ಈಗಿನ ಸರಳ ರೂಪ ಕೊಟ್ಟ. 4ರಿಂದ ಆರಂಭಿಸಿ, ಪ್ರತಿ ಸಲವೂ ಸಂಖ್ಯೆಯನ್ನು ವರ್ಗ ಮಾಡಿ 2 ಕಳೆಯಬೇಕು; ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅದು ಅವಿಭಾಜ್ಯ, ಬರದಿದ್ದರೆ ಅಲ್ಲ.

ಚಿಕ್ಕ ಉದಾಹರಣೆ 2⁵ − 1 = 31. ಇಲ್ಲಿ ಮೂರು ಹೆಜ್ಜೆ: 4ರಿಂದ 14, 14ರಿಂದ 194, ಶೇಷ 8, 8ರಿಂದ 62, ಶೇಷ 0. ಆದ್ದರಿಂದ 31 ಅವಿಭಾಜ್ಯ. ನಮ್ಮ ಸಂಖ್ಯೆಗೆ 29 ಹೆಜ್ಜೆಗಳು ಬೇಕು. 4, 14, 194, 37634, 1416317954 ಎಂದು ಸಾಗುವ ಸರಣಿ ಅಲ್ಲಿಂದ ಮುಂದೆ ಶೇಷಗಳಾಗಿ ಮಡಿಚಿಕೊಳ್ಳುತ್ತ ಕೊನೆಗೆ ಸೊನ್ನೆ ಮುಟ್ಟುತ್ತದೆ. ಸೊನ್ನೆಯ ಹಿಂದಿನ ಪದದ ವರ್ಗಕ್ಕೆ ಶೇಷ 2 ಇರಬೇಕಷ್ಟೆ. 2³²ಕ್ಕೆ ಶೇಷ 2 ಎಂದು ಆಗಲೇ ನೋಡಿದೆವು. ಹಾಗಾಗಿ ಆ ಪದ 65536 ಅಥವಾ −65536 ಆಗಲೇಬೇಕು. ಆಯ್ಲರನ ಜರಡಿಯಲ್ಲಿದ್ದ 2¹⁶ ಇಲ್ಲಿ ಇನ್ನೊಂದು ದಾರಿಯಿಂದ ಬಂದು ನಿಲ್ಲುತ್ತದೆ.

ಪರಿಪೂರ್ಣ ಸಂಖ್ಯೆಯೊಡನೆ ನಂಟು

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾಗಿರುವ ಸಂಖ್ಯೆ ಪರಿಪೂರ್ಣ: 6 = 1 + 2 + 3; 28 = 1 + 2 + 4 + 7 + 14. ಪ್ರತಿಯೊಂದು ಮೆರ್ಸೆನ್ ಅವಿಭಾಜ್ಯದಿಂದಲೂ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆಂದು ಯೂಕ್ಲಿಡ್ ತನ್ನ ಒಂಬತ್ತನೆಯ ಪುಸ್ತಕದಲ್ಲಿ ಸಾಧಿಸಿದ್ದ. ಸಮಸಂಖ್ಯೆಗಳಲ್ಲಿ ಬೇರೆ ಪರಿಪೂರ್ಣ ಸಂಖ್ಯೆಗಳೇ ಇಲ್ಲವೆಂದು ಸಾಧಿಸಿದವನೂ ಆಯ್ಲರನೇ. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ: 2305843008139952128. ಇದರಲ್ಲಿ 19 ಅಂಕಿಗಳಿವೆ. 1ರಿಂದ 2147483647ರವರೆಗಿನ ಎಲ್ಲ ಸಂಖ್ಯೆಗಳ ಮೊತ್ತ ಇದು. 1³ + 3³ + 5³ ಎಂದು ಆರಂಭಿಸಿ 65535³ರವರೆಗಿನ 32768 ಬೆಸ ಘನಗಳ ಮೊತ್ತವೂ ಇದೇ.

ಇಂಗ್ಲೆಂಡಿನ ವುಲಿಚ್ ಸೈನಿಕ ಅಕಾಡೆಮಿಯಲ್ಲಿ ಪಾಠ ಹೇಳುತ್ತಿದ್ದ ಪೀಟರ್ ಬಾರ್ಲೊ ಸಂಖ್ಯಾಸಿದ್ಧಾಂತದ ಮೇಲೆ 1811ರಲ್ಲಿ ಪುಸ್ತಕ ಪ್ರಕಟಿಸಿದ. ಈ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು ಎಂದು ಅದರಲ್ಲಿ ಅಭಿಪ್ರಾಯಪಟ್ಟ. ಇಂಥ ಸಂಖ್ಯೆಗಳು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬರುವವಲ್ಲ, ಆದ್ದರಿಂದ ಮುಂದೆ ಹುಡುಕುವ ಗೋಜಿಗೆ ಯಾರೂ ಹೋಗರು ಎಂಬುದು ಅವನು ಕೊಟ್ಟ ಕಾರಣ. ಅವನ ಎರಡು ಮಾತುಗಳೂ ಸುಳ್ಳಾದವು.

ದೊಡ್ಡ ಅವಿಭಾಜ್ಯಗಳ ಹುಡುಕಾಟ ನಿಲ್ಲಲಿಲ್ಲ. 1855ರಲ್ಲಿ ಥಾಮಸ್ ಕ್ಲೌಸನ್ 2⁶⁴ + 1ನ್ನು ಬಿಡಿಸಿ 67280421310721 ಎಂಬ ಭಾಜಕವನ್ನು ಕಂಡ. ಅವನ ಕೆಲಸ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. 1867ರಲ್ಲಿ ಫಾರ್ಚುನೆ ಲಾಂದ್ರಿ 2⁵⁹ − 1 = 179951 × 3203431780337 ಎಂದು ಪ್ರಕಟಿಸಿದಾಗ ಆಯ್ಲರನ ದಾಖಲೆ ಬಹಿರಂಗವಾಗಿ ಮುರಿಯಿತು. 1876ರಲ್ಲಿ ಲ್ಯೂಕಾ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ತೋರಿಸಿದ.

ನೆರೆಹೊರೆಯ ಸಂಖ್ಯೆಗಳು

ಅವಿಭಾಜ್ಯವೊಂದರ ಸ್ವಭಾವ ಅರಿಯಲು ಅದರ ಅಕ್ಕಪಕ್ಕದ ಸಂಖ್ಯೆಗಳ ಅಪವರ್ತನಗಳನ್ನು ನೋಡುವುದು ವಾಡಿಕೆ. ಒಂದು ಹೆಚ್ಚಿಸಿದರೆ 2³¹, ಬರೀ ಎರಡುಗಳ ಗುಣಲಬ್ಧ. ಒಂದು ಕಳೆದರೆ 2147483646 = 2 × 3² × 7 × 11 × 31 × 151 × 331; ಇದೂ ಚಿಕ್ಕಚಿಕ್ಕ ತುಂಡುಗಳಾಗಿ ಒಡೆಯುತ್ತದೆ.

ಎರಡು ಹೆಚ್ಚಿಸಿದರೆ 2³¹ + 1 = 3 × 715827883. ಇದರಲ್ಲಿನ 715827883 ಕೂಡ ಅವಿಭಾಜ್ಯ; ವ್ಯಾಗ್‌ಸ್ಟಾಫ್ ಅವಿಭಾಜ್ಯಗಳೆಂಬ ಗುಂಪಿಗೆ ಸೇರಿದ್ದು. ಎರಡು ಕಳೆದರೆ 5ರಲ್ಲಿ ಕೊನೆಗೊಳ್ಳುವ ಸಂಖ್ಯೆ ಬರುವುದರಿಂದ ಅದು ಅವಿಭಾಜ್ಯವಲ್ಲ. ಹೀಗಾಗಿ ನಮ್ಮ ಸಂಖ್ಯೆಗೆ ಅವಳಿ ಅವಿಭಾಜ್ಯವಿಲ್ಲ. ಬೇಟ್‌ಮನ್, ಸೆಲ್‌ಫ್ರಿಜ್, ವ್ಯಾಗ್‌ಸ್ಟಾಫ್ ಮೂವರೂ 1989ರಲ್ಲಿ ಮುಂದಿಟ್ಟ ‘ಹೊಸ ಮೆರ್ಸೆನ್ ಊಹೆ’ ಮೂರು ಷರತ್ತುಗಳನ್ನು ಪರಸ್ಪರ ಹೆಣೆಯುತ್ತದೆ. 31 ಆ ಮೂರನ್ನೂ ಪೂರೈಸುವ ಘಾತಾಂಕ.

ಇಮ್ಮಡಿ ಮಾಡಿ ಒಂದು ಕೂಡಿಸಿದರೆ 4294967295, ಅಂದರೆ 2³² − 1 = 3 × 5 × 17 × 257 × 65537. ಈ ಐದೂ ಫರ್ಮಾ ಅವಿಭಾಜ್ಯಗಳು. ಇವುಗಳ ಹೊರತು ಆರನೆಯ ಫರ್ಮಾ ಅವಿಭಾಜ್ಯ ಈವರೆಗೆ ಸಿಕ್ಕಿಲ್ಲ. ಆದ್ದರಿಂದ ಅಳತೆಪಟ್ಟಿ ಮತ್ತು ಕೈವಾರಗಳಿಂದಲೇ ರಚಿಸಬಹುದೆಂದು ತಿಳಿದಿರುವ, ಬೆಸಸಂಖ್ಯೆಯ ಭುಜಗಳುಳ್ಳ ಸಮಬಹುಭುಜಗಳಲ್ಲಿ ಅತಿ ದೊಡ್ಡದು 4294967295 ಭುಜಗಳದ್ದು.

ಶೇಷಗಣಿತದಲ್ಲಿ

ವಾರದ ದಿನ ಲೆಕ್ಕ ಹಾಕುವಾಗ ಏಳರ ಗುಣಕಗಳನ್ನು ಬಿಟ್ಟು ಶೇಷವನ್ನಷ್ಟೇ ಹಿಡಿಯುವಂತೆ, 2147483647ರ ಶೇಷಗಳಲ್ಲಿ ಕೂಡುವ, ಗುಣಿಸುವ ಗಣಿತವನ್ನು ಕಟ್ಟಬಹುದು. ಸಂಖ್ಯೆ ಅವಿಭಾಜ್ಯವಾದ್ದರಿಂದ ಸೊನ್ನೆಯನ್ನು ಬಿಟ್ಟು ಯಾವ ಶೇಷದಿಂದ ಬೇಕಾದರೂ ಭಾಗಿಸಬಹುದು. ಗಣಿತಜ್ಞರು ಇದನ್ನು ಕ್ಷೇತ್ರ ಎನ್ನುತ್ತಾರೆ.

ಈ ಕ್ಷೇತ್ರದ ದೊಡ್ಡ ಅನುಕೂಲ ಶೇಷ ತೆಗೆಯುವ ಸುಲಭತೆ. 9ರ ಶೇಷ ಬೇಕಾದಾಗ ಅಂಕಿಗಳನ್ನು ಕೂಡುವ ಉಪಾಯ ಶಾಲೆಯಲ್ಲಿ ಎಲ್ಲರೂ ಕಲಿತದ್ದು. 9 ಎಂಬುದು 10ಕ್ಕೆ ಒಂದು ಕಡಿಮೆ ಇರುವುದೇ ಅದರ ಗುಟ್ಟು. ಅದೇ ಗುಟ್ಟು ಇಲ್ಲಿಯೂ ಇದೆ. ದೊಡ್ಡ ಸಂಖ್ಯೆಯ ದ್ವಿಮಾನ ರೂಪವನ್ನು 31 ಬಿಟ್‌ಗಳ ತುಂಡುಗಳಾಗಿ ಕತ್ತರಿಸಿ ತುಂಡುಗಳನ್ನು ಕೂಡಿದರೆ ಶೇಷ ಸಿಗುತ್ತದೆ. ಭಾಗಾಕಾರವೇ ಬೇಡ.

ವರ್ಗಮೂಲವೂ ಸುಲಭ. ಒಂದು ಶೇಷಕ್ಕೆ ವರ್ಗಮೂಲ ಇರುವುದಾದರೆ ಅದನ್ನು 29 ಬಾರಿ ವರ್ಗ ಮಾಡಿದರೆ ಸಾಕು, ವರ್ಗಮೂಲ ದೊರೆಯುತ್ತದೆ. ನಮ್ಮ ಸಂಖ್ಯೆಗೆ ಒಂದು ಕೂಡಿಸಿ 4ರಿಂದ ಭಾಗಿಸಿದಾಗ 2²⁹ ಬರುವುದು ಇದಕ್ಕೆ ಕಾರಣ. 4ರಿಂದ ಭಾಗಿಸಿದಾಗ 3 ಉಳಿಯುವುದರಿಂದ ನಮ್ಮ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು, ಇಲ್ಲಿ −1ಕ್ಕೆ ವರ್ಗಮೂಲವೂ ಇಲ್ಲ. ಅದರ ಒಂದು ಪರಿಣಾಮ ಸುಂದರವಾದದ್ದು: ವರ್ಗಗಳ ಮೊತ್ತ 1 ಆಗುವ ಶೇಷಜೋಡಿಗಳನ್ನು ಈ ಕ್ಷೇತ್ರದ ‘ವೃತ್ತ’ ಎಂದು ಕರೆದರೆ, ಆ ವೃತ್ತದ ಮೇಲೆ ಸರಿಯಾಗಿ 2³¹ ಬಿಂದುಗಳಿರುತ್ತವೆ. ಅದನ್ನು ಮತ್ತೆ ಮತ್ತೆ ಅರ್ಧಿಸುತ್ತ ಹೋಗಬಹುದು. ವೇಗದ ಲೆಕ್ಕಾಚಾರಕ್ಕೆ ಬೇಕಾದದ್ದು ಇಂಥ ರಚನೆಯೇ. 2024ರಲ್ಲಿ ಗೂಢಲಿಪಿಶಾಸ್ತ್ರದ ಸಂಶೋಧಕರು ಸರ್ಕಲ್ ಸ್ಟಾರ್ಕ್ ಎಂಬ ಸಾಧನಾಪದ್ಧತಿಯನ್ನು ಈ ವೃತ್ತದ ಮೇಲೆಯೇ ಕಟ್ಟಿದರು.

7ರ ಘಾತಗಳನ್ನು ಒಂದೊಂದಾಗಿ ತೆಗೆದುಕೊಂಡರೆ, ಸೊನ್ನೆಯಲ್ಲದ ಎಲ್ಲ 2147483646 ಶೇಷಗಳೂ ಒಂದೊಂದು ಬಾರಿ ಬಂದ ಮೇಲೆಯೇ ಮೊದಲಿನದು ಮರಳುತ್ತದೆ. ಈ ಗುಣವುಳ್ಳ ಅತಿ ಚಿಕ್ಕ ಸಂಖ್ಯೆ 7. ಇದಕ್ಕೆ ತದ್ವಿರುದ್ಧವಾಗಿ 2ರ ಘಾತಗಳು 31 ಹೆಜ್ಜೆಗಳಲ್ಲೇ ಸುತ್ತು ಮುಗಿಸುತ್ತವೆ.

ಕಂಪ್ಯೂಟರಿನಲ್ಲಿ

ಕಂಪ್ಯೂಟರಿನ 32 ಬಿಟ್‌ಗಳಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಕೊಟ್ಟರೆ ಉಳಿಯುವುದು 31. ಅವೆಲ್ಲವೂ ಒಂದಾಗಿದ್ದಾಗ ಬೆಲೆ 2147483647. ಗರಿಷ್ಠ ಬೆಲೆಯೂ ಅವಿಭಾಜ್ಯವೂ ಒಂದೇ ಆಗಿರುವುದು ಎಲ್ಲ ಅಳತೆಗಳಲ್ಲಿ ಕಾಣದ ಸಂಗತಿ. 8 ಬಿಟ್‌ಗಳಿಗೆ 127 ಅವಿಭಾಜ್ಯ; 16 ಬಿಟ್‌ಗಳ 32767 ಅಲ್ಲ; 64 ಬಿಟ್‌ಗಳ 2⁶³ − 1 ಅಲ್ಲ, 7 ಅದನ್ನು ಭಾಗಿಸುತ್ತದೆ.

ಯಾದೃಚ್ಛಿಕ ಎನಿಸುವ ಸಂಖ್ಯೆಗಳನ್ನು ಉತ್ಪಾದಿಸಲು ಈ ಹೊಂದಾಣಿಕೆ ಬಹಳ ಉಪಕಾರಿಯಾಯಿತು. ಒಂದು ಸಂಖ್ಯೆಯನ್ನು ಗುಣಿಸಿ ಶೇಷ ತೆಗೆಯುತ್ತ ಹೋಗುವ ವಿಧಾನವನ್ನು ಸೂಚಿಸಿದವನು ಮೇಲೆ ಹೇಳಿದ ಲೆಹ್ಮರನೇ, 1949ರಲ್ಲಿ. 1969ರಲ್ಲಿ ಲೂಯಿಸ್, ಗುಡ್‌ಮನ್, ಮಿಲ್ಲರ್ ಐಬಿಎಂ ಸಿಸ್ಟಂ/360 ಯಂತ್ರಕ್ಕಾಗಿ 2147483647ನ್ನು ಭಾಜಕವಾಗಿಯೂ 7⁵ = 16807ನ್ನು ಗುಣಕವಾಗಿಯೂ ಆರಿಸಿಕೊಂಡರು. 1ರಿಂದ ಹೊರಟರೆ 16807, 282475249, 1622650073, 984943658 ಎಂದು ಸರಣಿ ಸಾಗುತ್ತದೆ. 5 ಎಂಬುದು 2147483646ನ್ನು ಭಾಗಿಸದಿರುವುದರಿಂದ 7ಕ್ಕಿರುವ ಪೂರ್ಣ ಸುತ್ತಿನ ಗುಣ 16807ಕ್ಕೂ ಇದೆ. 1988ರಲ್ಲಿ ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ ಇದನ್ನು ಕನಿಷ್ಠ ಮಾನದಂಡವೆಂದು ಶಿಫಾರಸು ಮಾಡಿದರು. ಅನುಷ್ಠಾನ ಸರಿಯಿದೆಯೇ ಎಂದು ನೋಡಲು 10,000ನೆಯ ಪದ 1043618065 ಆಗಿರಬೇಕೆಂದು ತಾಳೆಯನ್ನೂ ಕೊಟ್ಟರು. ಸಿ++ ಭಾಷೆಯ ಗ್ರಂಥಾಲಯದಲ್ಲಿ ಇದು ಈಗಲೂ ಇದೆ. ಇಂದಿನ ದೊಡ್ಡ ಅನುಕರಣೆಗಳಿಗೆ ಈ ಸುತ್ತು ಚಿಕ್ಕದು; ಗುಪ್ತ ಸಂದೇಶಗಳಿಗೆ ಇದು ಸುರಕ್ಷಿತವೂ ಅಲ್ಲ.

ಗರಿಷ್ಠ ಬೆಲೆಗೆ ಒಂದು ಕೂಡಿಸಿದರೆ ಬಹಳಷ್ಟು ವ್ಯವಸ್ಥೆಗಳಲ್ಲಿ ಎಣಿಕೆ −2147483648ಕ್ಕೆ ಜಿಗಿಯುತ್ತದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಹಳೆಯ 32 ಬಿಟ್ ಗಡಿಯಾರಗಳು 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಅಂಚು ಮುಟ್ಟುತ್ತವೆ. ಮರುಕ್ಷಣ ಅವು 1901ರ ಡಿಸೆಂಬರನ್ನು ತೋರಿಸುತ್ತವೆ. 2014ರಲ್ಲಿ ಯೂಟ್ಯೂಬ್ ತನ್ನ ವೀಕ್ಷಣೆಗಳ ಎಣಿಕೆಯನ್ನು 64 ಬಿಟ್‌ಗಳಿಗೆ ಏರಿಸಿಕೊಂಡದ್ದೂ ‘ಗಂಗ್ನಮ್ ಸ್ಟೈಲ್’ ಹಾಡು ಈ ಸಂಖ್ಯೆಯ ಅಂಚಿಗೆ ಬಂದದ್ದರಿಂದ.

ಇಂದಿನ ಸ್ಥಾನ

2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ 2¹³⁶²⁷⁹⁸⁴¹ − 1 ಎಂಬ, ತಿಳಿದಿರುವವುಗಳಲ್ಲಿ 52ನೆಯ ಮೆರ್ಸೆನ್ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಅದರ ಮುಂದೆ ಹತ್ತಂಕಿಯ 2147483647 ಗಾತ್ರದಲ್ಲಿ ಏನೂ ಅಲ್ಲ. ಆದರೆ ಬಾರ್ಲೊ ನಿರುಪಯುಕ್ತವೆಂದು ಬರೆದ ಕುತೂಹಲದ ಕುಟುಂಬಕ್ಕೆ ಸೇರಿದ ಈ ಸಂಖ್ಯೆ ಲೆಕ್ಕವಿಲ್ಲದಷ್ಟು ಯಂತ್ರಗಳ ಒಳಗೆ ಕೆಲಸ ಮಾಡಿದೆ. ಉಪಯೋಗ ಯಾರ ಕಣ್ಣಿಗೂ ಬೀಳದಿದ್ದ ಕಾಲದಲ್ಲಿ ಕತಾಲ್ದಿ, ಫರ್ಮಾ, ಆಯ್ಲರ್, ಲ್ಯೂಕಾ ಇಂಥವನ್ನು ಅರಿಯಲೆಂದೇ ಅರಿಯ ಹೊರಟಿದ್ದರಿಂದ ಅದು ಸಾಧ್ಯವಾಯಿತು. ಆಯ್ಲರನ ಸಾಧನೆಯನ್ನು ಮತ್ತೆ ಮಾಡಿ ನೋಡಲು ಕಂಪ್ಯೂಟರು ಬೇಕಿಲ್ಲ. ಭಾಗಾಕಾರ ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಅವಿಭಾಜ್ಯಗಳ ಪಟ್ಟಿ ಮಾಡಿಕೊಂಡು ಕುಳಿತರೆ, ಕೆಲವು ದಿನಗಳಲ್ಲಿ ಈ ಸಂಖ್ಯೆ ಅವಿಭಾಜ್ಯವೆಂಬುದನ್ನು ತಾನೇ ಖಚಿತಪಡಿಸಿಕೊಳ್ಳಬಹುದು.